ಮೋಟರ್ ಓಣಿಯ ಮರಗದಂ

ಕೃಷ್ಣಾ ಹೊಳೆಯ ದಂಡೆಗೆ, ಕುಡಚಿ ಸ್ಟೇಶನ್ನಿನಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ನಮ್ಮ ನೇರಲಖೋಡ ಇದೆ. ಈ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಾನು ಇಪ್ಪತ್ತೆಂಟು ವರ್ಷ ಟಪಾಲು ಹಂಚಿದೆ. ಯಾರ ಮನೆಯ ನಾಯಿ ಕಚ್ಚುತ್ತದೆ ಎನ್ನುವುದರಿಂದ ಹಿಡಿದು ಒಂದೇ ಹೆಸರಿನ ಇಬ್ಬರಲ್ಲಿ ವಿಮೆ ಕಾಗದ ಯಾರದು ಎನ್ನುವವರೆಗೆ ಎಲ್ಲ ನನಗೆ ಬಾಯಿಪಾಠ. ಆದರೂ ಒಬ್ಬ ಹೆಣ್ಣುಮಗಳ ಹೆಸರನ್ನು ಅಷ್ಟು ವರ್ಷ ಲಕೋಟೆಯ ಮೇಲೆ ಓದಿದವನು ಆಕೆಯನ್ನು ಒಮ್ಮೆಯೂ ಆ ಹೆಸರಿನಿಂದ ಕರೆದಿರಲಿಲ್ಲ. ಊರಿನವರೆಲ್ಲ ಕರೆದ ಹಾಗೆ ನಾನೂ ಮರಗವ್ವ ಎಂದೇ ಕರೆದೆ.

ಆಕೆ ಬಂದದ್ದು ೧೯೯೬ರ ಬೇಸಿಗೆಯಲ್ಲಿ, ಕೊಯಮತ್ತೂರಿನ ಕಡೆಯಿಂದ. ಆಗ ನಮ್ಮ ಕಡೆ ರೈತರು ಹತ್ತಿಪ್ಪತ್ತು ಮಂದಿ ಕೂಡಿ ಹೊಳೆಯ ದಂಡೆಗೆ ಆಳವಾದ ಬಾವಿ ಕಟ್ಟಿಸಿ, ಅದರ ಮೇಲೆ ಮೋಟರ್ ಕೂಡಿಸಿ, ಎರಡು ಮೂರು ಕಿಲೋಮೀಟರ್ ದೂರದ ಕಬ್ಬಿನ ಹೊಲಗಳಿಗೆ ನೀರು ಏರಿಸುವ ಕಾಲ. ಆ ಬಾವಿಗಳಿಗೆ ಜಾಕವೆಲ್ ಅನ್ನುತ್ತಾರೆ. ಮೋಟರ್ ಕೂಡಿಸಲು ಒಂದು ಪಂಪ್ ಕಂಪನಿ ಪಳನಿಸಾಮಿ ಎಂಬ ಫಿಟ್ಟರನನ್ನು ಆರು ತಿಂಗಳಿಗೆಂದು ಕಳಿಸಿತ್ತು. ಅವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಊರ ಹೊರಗಿನ ಒಂದು ಇಕ್ಕಟ್ಟಿನ ಓಣಿಯಲ್ಲಿ ಮಾಳಸಿದ್ದ ಎಂಬ ರೈತನ ಎರಡು ಖೋಲಿ ಖಾಲಿ ಇದ್ದವು. ಬಾಡಿಗೆಗೆ ಅಲ್ಲಿಯೇ ನಿಂತರು.

ಮಾಳಸಿದ್ದನ ಹೆಂಡತಿ ತಾರವ್ವ ಹೊಸ ಬಾಡಿಗೆಯವಳ ಹೆಸರು ಕೇಳಿದಳು. ಆಕೆ 'ಮರಗದಂ' ಅಂದಳು. ತಾರವ್ವ ಎರಡು ಸಲ ಹೇಳಿ ನೋಡಿದಳು, ನಾಲಿಗೆ ಹೊರಳಲಿಲ್ಲ. ಮೂರನೆಯ ಸಲಕ್ಕೆ ಮರಗವ್ವ ಅಂತ ಕರೆದು, ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಅಂದಿನಿಂದ ಊರಿಗೆಲ್ಲ ಅದೇ ಹೆಸರು.

ಆರು ತಿಂಗಳು ಹೋಗಿ ಎರಡು ವರ್ಷವಾಯಿತು. ಅಷ್ಟರಲ್ಲಿ ಪಳನಿಸಾಮಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಮೋಟರ್ ಕೂಡಿಸಲು ಜನ ಬರುತ್ತಾರೆ, ಹೋಗುತ್ತಾರೆ. ಅದು ಸುಟ್ಟಾಗ ನೋಡುವವರು ಈ ದಂಡೆಯ ಮೇಲೆ ಯಾರೂ ಇಲ್ಲ. ಸುಟ್ಟ ಮೋಟರನ್ನು ಮಿರಜಿಗೋ ಸಾಂಗ್ಲಿಗೋ ಒಯ್ಯಬೇಕು. ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡಲು ಅವರು ಎಂಟು ದಿನ, ಹತ್ತು ದಿನ ಅನ್ನುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಕಬ್ಬು ಹತ್ತು ದಿನ ಕಾಯುವುದಿಲ್ಲ. ಅವನು ಕಂಪನಿಯ ಕೆಲಸ ಬಿಟ್ಟು, ಆ ಓಣಿಯಲ್ಲೇ ಮುಂದಿನ ಖೋಲಿಯಲ್ಲಿ ಅಂಗಡಿ ಹಾಕಿದ.

ಅಂಗಡಿ ಹಾಕಿ ವರ್ಷ ತುಂಬಿರಲಿಲ್ಲ. ಒಂದು ಡೀಸೆಲ್ ಎಂಜಿನ್ನಿನ ತಿರುಗುತ್ತಿದ್ದ ಪಟ್ಟಾ ಅವನ ಬಲಗೈಯನ್ನು ಎಳೆದುಕೊಂಡಿತು. ಎರಡು ಬೆರಳು ಹೋದವು, ಉಳಿದವುಗಳಲ್ಲಿ ಹಿಡಿತ ಉಳಿಯಲಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದ. ಅವನ ಅಣ್ಣ ಊರಿನಿಂದ ಪತ್ರ ಬರೆದ. ಪತ್ರ ತಂದುಕೊಟ್ಟವನು ನಾನೇ. ಅದರ ಬೆನ್ನಿಗೇ ಅಣ್ಣನೂ ಬಂದ, ಗಂಟು ಕಟ್ಟಿ ನಡೆಯಿರಿ ಅಂದ. ನಾವೂ ಅವರು ಹೋದರು ಅಂತಲೇ ತಿಳಿದಿದ್ದೆವು.

ಹೋಗುವುದಿಲ್ಲ ಅಂದವಳು ಆಕೆ. ಕೊಯಮತ್ತೂರಿನಲ್ಲಿ ಗಲ್ಲಿಗೆ ಹತ್ತು ಮಂದಿ ಮೋಟರ್ ಸುತ್ತುವವರಿದ್ದಾರೆ, ಅಲ್ಲಿ ಕೈ ಹೋದ ಫಿಟ್ಟರನನ್ನು ಯಾರು ಕೇಳುತ್ತಾರೆ, ಇಲ್ಲಿಯಾದರೆ ಹೊಳೆಯ ಉದ್ದಕ್ಕೂ ಒಬ್ಬರೂ ಇಲ್ಲ ಅಂತ ಭಾವನಿಗೆ ಲೆಕ್ಕ ಹೇಳಿದಳು. ಸುತ್ತುವವರು ಯಾರು ಅಂತ ಅವನು ಕೇಳಿದ. ನಾನು ಅಂದಳು. ಅವನು ನಕ್ಕ. ಆಕೆ ನಗಲಿಲ್ಲ. ಮರುದಿನ ಅವನೊಬ್ಬನೇ ರೈಲು ಹತ್ತಿದ.

ಕಲಿತ ಬಗೆಯನ್ನು ನಾನು ದಿನಾ ಟಪಾಲಿಗೆ ಹೋಗುವಾಗ ನೋಡುತ್ತಿದ್ದೆ. ಪಳನಿಸಾಮಿ ಒಂದು ತಗಡಿನ ಪೆಟ್ಟಿಗೆಯ ಮೇಲೆ ಕೂತು ಬಾಯಿಯಿಂದ ಹೇಳುತ್ತಿದ್ದ, ಆಕೆ ಕೈಯಿಂದ ಮಾಡುತ್ತಿದ್ದಳು. ತಂತಿಯ ಸುತ್ತುಗಳನ್ನು ಅವನು ತಮಿಳಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದ. ಒಂದು ಸುತ್ತು ಹೆಚ್ಚು ಕಡಿಮೆಯಾದರೂ ಮೋಟರ್ ನಡೆಯುವುದಿಲ್ಲ. ಓಣಿಯ ಮಕ್ಕಳೆಲ್ಲ ನೂರರವರೆಗೆ ತಮಿಳಿನಲ್ಲಿ ಎಣಿಸಲು ಕಲಿತುಬಿಟ್ಟವು. ಸಾಲಿಯ ಮಾಸ್ತರರು ಮಗ್ಗಿ ಕೇಳಿದರೆ ಒಬ್ಬ ಹುಡುಗಿ ತಮಿಳಿನಲ್ಲಿ ಸುರು ಮಾಡಿದ್ದಳಂತೆ. ಗುಜರಿಗೆ ಹಾಕುವಂಥ ಒಂದು ಹಳೆಯ ಮೋಟರನ್ನು ಮರಗವ್ವ ಹನ್ನೊಂದು ಸಲ ಸುತ್ತಿದಳು, ಹನ್ನೊಂದು ಸಲ ಬಿಚ್ಚಿದಳು. ತಂತಿ ಕೊಯ್ದು ಬೆರಳಿಗೆ ರಕ್ತ ಬಂದರೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಮತ್ತೆ ಕೂಡುತ್ತಿದ್ದಳು.

ಆದರೂ ಹೆಣ್ಣುಮಗಳ ಕೈಗೆ ಯಾರು ಮೋಟರ್ ಕೊಡುತ್ತಾರೆ? ಎರಡು ತಿಂಗಳು ಒಬ್ಬರೂ ಬರಲಿಲ್ಲ. ಕೊನೆಗೆ ಬಂದವರು ಬಾಬಾಸಾಹೇಬ ಕಾಕಾ. ಇಪ್ಪತ್ತು ಎಕರೆ ಕಬ್ಬಿನವರು, ಹತ್ತು ಎಚ್.ಪಿ. ಮೋಟರ್ ಸುಟ್ಟಿತ್ತು, ಮಿರಜಿನವರು ಎಂಟು ದಿನ ಅಂದಿದ್ದರು, ಬೇರೆ ದಾರಿ ಇರಲಿಲ್ಲ. ಮೂರು ದಿನದಲ್ಲಿ ಕೊಡುತ್ತೇನೆ ಅಂತ ಆಕೆ ಮಾತು ಕೊಟ್ಟಳು, ಮೂರನೆಯ ದಿನ ಸಂಜೆ ಕೊಟ್ಟಳು. ಮೋಟರ್ ಒಂದೂವರೆ ದಿನ ನಡೆದು ಮತ್ತೆ ಸುಟ್ಟಿತು.

ಕಾಕಾ ಬೈಯಲಿಲ್ಲ. ಮೋಟರನ್ನು ಚಕ್ಕಡಿಗೆ ಏರಿಸಿ ಮಿರಜಿನ ದಾರಿ ಹಿಡಿಯಿರಿ ಅಂತ ಆಳುಗಳಿಗೆ ಹೇಳಿ ಚಕ್ಕಡಿಯ ಮುಂದೆ ನಡೆದಿದ್ದರು. ಸುದ್ದಿ ಕೇಳಿ ಆಕೆ ಓಡುತ್ತ ಬಂದು ಎತ್ತುಗಳ ಮುಂದೆ ನಿಂತಳು. ನಾನು ಆ ಹೊತ್ತಿಗೆ ಸೈಕಲ್ ಹಿಡಿದುಕೊಂಡು ಅಲ್ಲೇ ಇದ್ದೆ.

"ನನಗ ಇನ್ನೊಮ್ಮೆ ಕೊಡ್ರಿ," ಅಂದಳು. "ತಪ್ಪ ಎಲ್ಲಿ ಆಗೇತಿ ಅಂತ ನನಗ ಗೊತ್ತಾಗೇತಿ. ಮಿರಜದವರಿಗೆ ಅದು ಗೊತ್ತಿಲ್ರಿ."

ತಪ್ಪು ಇಷ್ಟೇ. ಸುತ್ತಿದ ತಂತಿಗೆ ವಾರ್ನಿಶ್ ಬಳಿದು ಒಳಗಿನವರೆಗೆ ಒಣಗಿಸಬೇಕು. ಮಾತು ಕೊಟ್ಟ ದಿನ ತಪ್ಪಬಾರದೆಂದು ಆಕೆ ಅರ್ಧ ಒಣಗಿದ್ದನ್ನೇ ಕೊಟ್ಟುಬಿಟ್ಟಿದ್ದಳು. ಪಳನಿಸಾಮಿ ಇನ್ನೊಂದು ದಿನ ತಡೆ ಅಂದಿದ್ದನಂತೆ. ಅದನ್ನೂ ಮುಚ್ಚಿಡದೆ ಕಾಕಾರ ಮುಂದೆ ಹೇಳಿದಳು. ಅವರು ಎತ್ತಿನ ಬೆನ್ನು ಸವರಿದರು.

"ಎಂದ ಕೊಡ್ತಿ?" ಅಂದರು.

"ಒಣಗಿದಾಗ ಕೊಡ್ತೀನ್ರಿ."

ಐದು ದಿನ ಹಿಡಿಯಿತು. ಆ ಮೋಟರ್ ಮುಂದೆ ಆರು ವರ್ಷ ಕೆಡದೆ ನಡೆಯಿತು. ಬಾಬಾಸಾಹೇಬ ಕಾಕಾ ಹೊಗಳುವ ಮನುಷ್ಯರಲ್ಲ, ಆದರೆ ಕುಡಚಿಯ ಸಂತೆಯಲ್ಲಿ ಮೋಟರಿನ ಮಾತು ಬಂದಾಗಲೆಲ್ಲ ನಮ್ಮೂರಿನ ಮದ್ರಾಸಿ ಹೆಣ್ಣುಮಗಳ ಹತ್ತಿರ ಹೋಗಿರಿ ಅಂದರು. ಅಷ್ಟು ಸಾಕಾಯಿತು. ದಿಗ್ಗೇವಾಡಿಯಿಂದ, ಮುಗಳಖೋಡದಿಂದ, ಹೊಳೆ ದಾಟಿ ಅಥಣಿಯ ಕಡೆಯಿಂದಲೂ ಚಕ್ಕಡಿಗಳು ಬಂದವು. ಕೆಲವು ವರ್ಷಗಳಲ್ಲಿ ಓಣಿ ಅಗಲವಾಗಿ ಟ್ರ್ಯಾಕ್ಟರ್ ಟ್ರಾಲಿಗಳೂ ಒಳಗೆ ಬರತೊಡಗಿದವು. ಬಸ್ಸಿನ ಕಂಡಕ್ಟರ್ ಅದನ್ನು 'ಮೋಟರ್ ಓಣಿ' ಅಂತ ಕೂಗಿ ಜನರನ್ನು ಇಳಿಸತೊಡಗಿದ.

ರಾಜಮತಿ ಅಲ್ಲಿಗೆ ಬಂದದ್ದು ೨೦೦೮ರಲ್ಲಿ. ಆಕೆ ನಮ್ಮೂರಿನ ಜೈನರ ಮನೆಯ ಸೊಸೆ. ಗಂಡ ನೇಮಿನಾಥ ಅಥಣಿ, ಕಾಗವಾಡದ ಕಡೆಯಿಂದ ಒಣದ್ರಾಕ್ಷಿ ತಂದು ಮಾರುವವನು. ಕೆಟ್ಟ ಮಿಕ್ಸರ್ ಹಿಡಿದುಕೊಂಡು ಬಂದ ರಾಜಮತಿ ರಿಪೇರಿ ಮುಗಿದ ಮೇಲೂ ಮೂರು ತಾಸು ಅಲ್ಲೇ ಕೂತು ನೋಡಿದಳು. ಮರುದಿನವೂ ಬಂದಳು. ಎಣ್ಣೆ ಗ್ರೀಸಿನ ಅಂಗಡಿಯಲ್ಲಿ ನಮ್ಮ ಸೊಸೆ ಕೂಡುವುದೇ ಅಂತ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. ನೀವು ದ್ರಾಕ್ಷಿ ಒಣಗಿಸುತ್ತೀರಿ, ನಾನು ವಾರ್ನಿಶ್ ಒಣಗಿಸುತ್ತೇನೆ, ಎರಡಕ್ಕೂ ತಾಳ್ಮೆ ಬೇಕು ಅಂತ ಆಕೆ ಗಂಡನಿಗೆ ಹೇಳಿದಳಂತೆ. ನೇಮಿನಾಥ ಒಪ್ಪಿದ. ರಾಜಮತಿಯ ಹಿಂದೆ ಮತ್ತೆ ಎಂಟು ಹೆಂಗಸರು ಬಂದರು. ಕುಡಚಿಯಿಂದ ಇಬ್ಬರು ಮುಸಲ್ಮಾನರ ಹೆಣ್ಣುಮಕ್ಕಳೂ ಇದ್ದರು. ಎಲ್ಲರೂ ಮರಗವ್ವನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು.

ಪಳನಿಸಾಮಿ ೨೦೧೬ರಲ್ಲಿ ತೀರಿಕೊಂಡ. ಕೊಯಮತ್ತೂರಿನಲ್ಲಿ ಅಜ್ಜಿಯ ಹತ್ತಿರ ಬೆಳೆದು ತಿರುಪ್ಪೂರಿನಲ್ಲಿ ಮದುವೆಯಾಗಿದ್ದ ಮಗಳು ಇನ್ನು ನನ್ನ ಹತ್ತಿರ ಬಂದಿರು ಅಂತ ಬಹಳ ಕೇಳಿಕೊಂಡಳು. ಮರಗವ್ವ ಹೋಗಿ ಹದಿನೈದು ದಿನ ಇದ್ದು ತಿರುಗಿ ಬಂದಳು. ಬಂದ ದಿನವೇ ಅಂಗಡಿ ತೆಗೆದಳು. ಗಂಡ ಕೂತು ಎಣಿಸುತ್ತಿದ್ದ ಜಾಗದಲ್ಲಿ ಈಗ ತಾನು ಕೂತು ಬೇರೆಯವರಿಗೆ ಎಣಿಸಿದಳು, ತಮಿಳಿನಲ್ಲೇ.

ಆಮೇಲೆ ೨೦೧೯ರ ಆಗಸ್ಟ್. ಹೊಳೆ ಆ ವರ್ಷ ಹೇಗೆ ಬಂತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಮಳೆಗಾಲಕ್ಕೆ ರೈತರು ದಂಡೆಯ ಮೋಟರ್ ಬಿಚ್ಚಿ ಮೇಲೆ ತಂದಿಡುತ್ತಾರೆ. ಆ ಸಲ ನೀರು ಅಷ್ಟು ಪುರುಸೊತ್ತು ಕೊಡಲಿಲ್ಲ. ಊರೆಲ್ಲ ಎತ್ತರದ ಮೇಲಿನ ಸಾಲಿಗೆ ಹೋಯಿತು. ಮೋಟರ್ ಓಣಿಯಲ್ಲಿ ಆಳುದ್ದಕ್ಕಿಂತ ಹೆಚ್ಚು ನೀರು ಒಂಬತ್ತು ದಿನ ನಿಂತಿತು. ಮರಗವ್ವ ಹೊರಗೆ ತಂದದ್ದು ಗಂಡನ ಹಳೆಯ ನೋಟುಬುಕ್ಕುಗಳನ್ನು ಮಾತ್ರ. ಯಾವ ಮೋಟರಿಗೆ ಎಷ್ಟು ಸುತ್ತು, ಎಂಥ ತಂತಿ ಅಂತ ಅವನು ಬರೆದಿಟ್ಟದ್ದು ಅದರಲ್ಲಿತ್ತು.

ನೀರು ಇಳಿಯತೊಡಗಿದಾಗ ಆಕೆ ನನ್ನನ್ನು ಹುಡುಕಿಕೊಂಡು ಬಂದಳು.

"ಪೋಸ್ಟಣ್ಣಾ, ನೀವು ಹಳ್ಳಿ ಹಳ್ಳಿ ತಿರಗತೀರಿ. ಒಂದ ಮಾತ ಮುಟ್ಟಸ್ರಿ. ಯಾರೂ ಮೋಟರ್ ಚಾಲೂ ಮಾಡಬ್ಯಾಡ್ರಿ ಅಂತ ಹೇಳ್ರಿ. ನೀರ ಕುಡಿದದ್ದು ಇನ್ನೂ ಸತ್ತಿಲ್ಲ. ಸ್ವಿಚ್ ಹಾಕಿದ್ರ ಸಾಯತೈತಿ."

ಮೂರು ದಿನ ನಾನು ಟಪಾಲಿನ ಜೊತೆಗೆ ಆ ಮಾತನ್ನೂ ಹಂಚಿದೆ. ಕೇಳಿದವರ ಮೋಟರ್ ಉಳಿದವು, ಕೇಳದವರವು ಸುಟ್ಟವು. ನಾಲ್ಕನೆಯ ದಿನ ಸಾಲಿಯ ಮುಂದೆ ಟ್ರಾಲಿಗಳ ಸಾಲು ಹತ್ತಿತು. ಅಂಗಡಿಯ ಒಂದು ಗೋಡೆ ಬಿದ್ದಿತ್ತು, ಅದನ್ನು ಹಾಗೇ ಬಿಟ್ಟು ಮಾವಶಿ ಸಾಲಿಯ ಬಯಲಿನಲ್ಲೇ ಕೆಲಸ ಸುರು ಮಾಡಿದಳು. ಒಂಬತ್ತು ಹೆಂಗಸರು ಇಪ್ಪತ್ತಾರಾದರು. ಬಿಚ್ಚುವವರು, ಕೆಸರು ತೊಳೆಯುವವರು, ಒಣಗಿಸುವವರು ಅಂತ ಕೆಲಸ ಹಂಚಿಕೊಟ್ಟಳು. ಇಟ್ಟಿಗೆಯಿಂದ ಎರಡು ಭಟ್ಟಿ ಕಟ್ಟಿಸಿ, ಕಬ್ಬಿನ ಒಣ ಸೋಗೆಯಾದ ರವದಿ ಎಲ್ಲಿಂದಲೋ ತರಿಸಿ, ಹದವಾದ ಕಾವಿನಲ್ಲಿ ಮೋಟರ್ ಒಣಗಿಸಿದಳು. ಬಂದ ಪ್ರತಿ ಮೋಟರಿಗೆ ಸುಣ್ಣದಿಂದ ನಂಬರ್ ಬರೆಸಿದಳು. ಕುಡಿಯುವ ನೀರಿನವು ಮೊದಲು, ಉಳಿದವೆಲ್ಲ ನಂಬರಿನ ಪ್ರಕಾರ.

ಮಾಳಸಿದ್ದ ಅಷ್ಟರಲ್ಲಿ ತೀರಿಹೋಗಿದ್ದ. ಅವನ ಮಗ ಧರೆಪ್ಪ ಆರು ಮೋಟರ್ ತಂದ. ಅವನ ದ್ರಾಕ್ಷಿ ತೋಟಕ್ಕೆ ಚಾಟಣಿ, ಅಂದರೆ ಬಳ್ಳಿ ಸವರುವ ಕಾಲ ಹತ್ತಿರ ಬಂದಿತ್ತು, ಅದರ ಬೆನ್ನಿಗೆ ನೀರು ಬೇಕೇ ಬೇಕು. ನನ್ನವು ಮೊದಲು ಮಾಡು ಅಂದ. ನಂಬರ್ ನೂರಾ ನಲವತ್ತೆರಡು ಅಂದಳು ಆಕೆ. ನಮ್ಮಪ್ಪ ನಿಮಗೆ ಮನೆ ಕೊಟ್ಟವನು ಅಂತ ಅವನು ನೆನಪು ಮಾಡಿಕೊಟ್ಟ. ಆಕೆ ಮರೆತಿಲ್ಲ ಅಂದಳು, ಆದರೆ ನಂಬರ್ ಬದಲಿಸಲಿಲ್ಲ. ಸಿಟ್ಟಿನಿಂದ ಅವನು ಮೋಟರ್‌ಗಳನ್ನು ಸಾಂಗ್ಲಿಗೆ ಒಯ್ದ. ಅಲ್ಲಿ ಸಾಲು ಇನ್ನೂ ಉದ್ದ. ಹದಿನೈದು ದಿನ ಕಳೆದು ಮರಳಿ ಬಂದಾಗ ನಂಬರ್ ಮುನ್ನೂರು ದಾಟಿತ್ತು. ಚಾಟಣಿ ತಡವಾಗಿ ಆ ವರ್ಷದ ದ್ರಾಕ್ಷಿ ಅವನ ಕೈಗೆ ಹತ್ತಲಿಲ್ಲ.

ನಲವತ್ತೇಳು ದಿನದಲ್ಲಿ ಆರುನೂರಾ ಹನ್ನೊಂದು ಮೋಟರ್ ಆ ಬಯಲಿನಿಂದ ಎದ್ದು ಹೋದವು. ಆಮೇಲೆ ಆಕೆ ತನ್ನ ಗೋಡೆ ಕಟ್ಟಿಸಿಕೊಂಡಳು.

ಓಣಿಯ ಹೆಸರಿನ ಮಾತು ಎದ್ದದ್ದು ೨೦೨೩ರಲ್ಲಿ. ರಾಜಮತಿ ಆಗ ಪಂಚಾಯಿತಿಯ ಸದಸ್ಯೆ. ಓಣಿಗಳಿಗೆಲ್ಲ ಫಲಕ ಹಾಕಿಸುವುದು ಅಂತ ಪಂಚಾಯಿತಿಯಲ್ಲಿ ಠರಾವು ಆಗಿತ್ತು. ಕಾಗದದಲ್ಲಿ ಆ ಓಣಿಗೆ ಒಂದು ನಂಬರ್ ಬಿಟ್ಟರೆ ಹೆಸರೇ ಇರಲಿಲ್ಲ. ಮಾವಶಿಯ ಹೆಸರು ಇಡೋಣ ಅಂತ ರಾಜಮತಿ ಬರೆದು ಕೊಟ್ಟಳು.

ಮೊದಲು ಬೇಡ ಅಂದವಳು ಮಾವಶಿಯೇ. ಗೋಡೆಯ ಮೇಲೆ ಹೆಸರು ಬರೆದರೆ ಕೆಲಸ ಹಗುರವಾಗುತ್ತದೆಯೇ, ಅದರ ಬದಲು ಗಟಾರ ಮಾಡಿಸು ಅಂದಳು. ರಾಜಮತಿ ಗಟಾರವನ್ನೂ ಬರೆದು ಕೊಟ್ಟಳು, ಹೆಸರನ್ನೂ ಹಿಂತೆಗೆದುಕೊಳ್ಳಲಿಲ್ಲ. ಇದು ನಿನ್ನೊಬ್ಬಳ ಮಾತಲ್ಲ ಮಾವಶಿ, ಹೊರಗಿನಿಂದ ಬಂದ ಒಬ್ಬ ಹೆಣ್ಣುಮಗಳು ದುಡಿದು ಈ ಓಣಿ ಮಾಡಿದಳು ಅಂತ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಾಗಬೇಕು ಅಂದಳು. ಮಾವಶಿ ಮತ್ತೆ ಕೆಲಸಕ್ಕೆ ಬಾಗಿದಳು. ಅದನ್ನೇ ರಾಜಮತಿ ಒಪ್ಪಿಗೆ ಅಂತ ತಿಳಿದಳು.

ಪಂಚಾಯಿತಿಯ ಪಿಡಿಓ ಹೊಸಬರು, ನಿಧಾನದ ಮನುಷ್ಯರು. ಜೀವಂತ ಇರುವವರ ಹೆಸರು ಇಡುವುದು ರೂಢಿಯಲ್ಲ ಅಂದರು.

"ಸತ್ತವರಿಗೆ ವಿಳಾಸ ಬೇಕಾಗೂದಿಲ್ಲ್ರಿ ಸಾಹೇಬ್ರ," ಅಂದಳು ರಾಜಮತಿ. "ಇದ್ದವರಿಗೆ ಬೇಕು."

ಅವರು ನಕ್ಕು, ಗ್ರಾಮಸಭೆ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಅಂದರು. ಗ್ರಾಮಸಭೆಯಲ್ಲಿ ಧರೆಪ್ಪ ಎದ್ದು ನಿಂತ. ಆ ಓಣಿ ಮೊದಲು ಚಕ್ಕಡಿಯೂ ತಿರುಗದಷ್ಟು ಇಕ್ಕಟ್ಟಿತ್ತು, ತನ್ನ ತಂದೆ ಮಾಳಸಿದ್ದ ಸ್ವಂತ ಹೊಲದಲ್ಲಿ ಹತ್ತು ಫೂಟು ಅಗಲ ಜಾಗ ಬಿಟ್ಟುಕೊಟ್ಟಿದ್ದಕ್ಕೆ ಅದು ರಸ್ತೆಯಾಯಿತು, ಹೆಸರು ಇಡುವುದಾದರೆ ಜಾಗ ಕೊಟ್ಟವನದು ಇಡಬೇಕು, ಎಲ್ಲಿಂದಲೋ ಬಂದು ವ್ಯಾಪಾರ ಮಾಡಿಕೊಂಡವರದು ಯಾಕೆ ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಜಾಗ ಕೊಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಸಭೆ ಎರಡು ಪಾಲಾಯಿತು, ವಿಷಯ ಮುಂದಿನ ಸಭೆಗೆ ಹೋಯಿತು.

ಮುಂದಿನ ಸಭೆಯವರೆಗೆ ರಾಜಮತಿ ಮನೆಯಿಂದ ಮನೆಗೆ ನಡೆದಳು. ಸಹಿ ಮಾಡಿದವರ ಮನೆಯಲ್ಲಿ ಚಹಾ ಕುಡಿದಳು, ಮಾಡದವರ ಮನೆಗೆ ಮತ್ತೊಂದು ಸಲ ಹೋದಳು. ದಿಗ್ಗೇವಾಡಿ, ಮುಗಳಖೋಡದ ರೈತರಿಂದಲೂ ಪತ್ರ ತಂದಳು. ಅವರಿಗೆ ನಮ್ಮೂರ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ ಅಂತ ಜನ ಅಂದರೆ, ಓದುವುದಕ್ಕಾದರೂ ಬರುತ್ತದೆ ಅಂದಳು. ಒಂದು ದಿನ ಧರೆಪ್ಪನ ಮನೆಗೇ ಸಹಿ ಕೇಳಲು ಹೋದಳು. ಅವನು ಮಾಡುವುದಿಲ್ಲ ಅಂದ. ಹಿರಿಯಳಾದ ತಾರವ್ವ ಹೊರಸಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು.

ಪಿಡಿಓ ಕೇಳಿದ್ದು ಇನ್ನೊಂದಿತ್ತು. ಈ ಹೆಣ್ಣುಮಗಳ ಖರೆ ಹೆಸರು ಯಾವುದು? ರೇಶನ್ ಕಾರ್ಡಿನಲ್ಲಿ ಮರಗವ್ವ, ಮತದಾರರ ಪಟ್ಟಿಯಲ್ಲಿ ಮರಗಮ್ಮ, ಆಧಾರಿನಲ್ಲಿ ಮಾರ್ಗತಮ್. ರಾಜಮತಿ ನನ್ನ ಹತ್ತಿರ ಬಂದಳು. ನಾನು ಒಂದು ಚೀಟಿಯಲ್ಲಿ 'ಮರಗದಂ' ಅಂತ ಬರೆದೆ. ಸರಿ ಇದೆಯೋ ಇಲ್ಲವೋ ಕೇಳೋಣ ಅಂತ ಇಬ್ಬರೂ ಅಂಗಡಿಗೆ ಹೋದೆವು. ಆಕೆ ಕೈ ಒರೆಸಿಕೊಂಡು ಚೀಟಿ ಇಸಿದುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

"ಹೌದ್ರಿ. ಇದ ನನ್ನ ಹೆಸರು."

"ಹಂಗಂದ್ರ ಏನ್ ಮಾವಶಿ?" ಅಂತ ರಾಜಮತಿ ಕೇಳಿದಳು.

"ಪಚ್ಚಿ ಹರಳು. ಉಂಗುರದಾಗ ಹಾಕ್ತಾರಲ್ಲ, ಅದು. ನಮ್ಮ ಅಜ್ಜಿ ಇಟ್ಟಿದ್ದು."

ಮರಕತ. ನಮ್ಮ ಕನ್ನಡದಲ್ಲೂ ಇರುವ ಮಾತು. ನಾನು ಅಷ್ಟು ವರ್ಷ ಅದನ್ನು ಚೀಲದಲ್ಲಿ ಹೊತ್ತು ತಿರುಗಿದ್ದೆ, ಒಮ್ಮೆಯೂ ಹೊಳೆದಿರಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ರಾಜಮತಿ ಕೇಳಿದ್ದಕ್ಕೆ, ಯಾರೂ ಕೇಳಲಿಲ್ಲ ಅಂದಳು. ತಾರವ್ವ ಒಂದು ಹೆಸರು ಕೊಟ್ಟಿದ್ದಳು, ಅದೂ ಚಲೋ ಇತ್ತು ಅಂತ ಸೇರಿಸಿದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ನನಗೇ ಮುಖ ಎತ್ತಲಾಗಲಿಲ್ಲ.

೨೦೨೪ರ ಜನವರಿಯಲ್ಲಿ ಮತ್ತೆ ಸಭೆ ಕೂಡಿತು. ಪಂಚಾಯಿತಿಯ ಪಡಸಾಲೆ ತುಂಬಿ ಜನ ಹೊರಗೆ ನಿಂತಿದ್ದರು. ಮರಗದಂ ಬಾಗಿಲ ಹತ್ತಿರ ಹೆಂಗಸರ ನಡುವೆ ಕೂತಿದ್ದಳು. ಧರೆಪ್ಪ ತನ್ನ ಮಾತು ಮತ್ತೆ ಹೇಳಿದ. ಅವನು ಕೂಡುವಷ್ಟರಲ್ಲಿ ಹಿಂದಿನಿಂದ ಕೋಲಿನ ಸಪ್ಪಳ ಕೇಳಿತು. ತಾರವ್ವ, ಎಂಬತ್ತು ದಾಟಿದವಳು, ಮೊಮ್ಮಗಳ ಹೆಗಲು ಹಿಡಿದು ಮುಂದೆ ಬಂದು ನಿಂತಳು.

"ಧರೆಪ್ಪಾ, ನಿಮ್ಮಪ್ಪ ಜಾಗಾ ಕೊಟ್ಟಿದ್ದು ಖರೆ," ಅಂದಳು. "ಯಾಕ ಕೊಟ್ಟಾ, ಅದನ್ನೂ ಹೇಳು."

ಧರೆಪ್ಪನಿಗೆ ಗೊತ್ತಿರಲಿಲ್ಲ. ಆ ಕಾಲಕ್ಕೆ ಅವನು ಅಥಣಿಯ ಬೋರ್ಡಿಂಗಿನಲ್ಲಿ ಕಲಿಯುತ್ತಿದ್ದ. ತಾರವ್ವ ತಾನೇ ಹೇಳಿದಳು. ಮೋಟರ್ ಹೇರಿದ ಒಂದು ಚಕ್ಕಡಿ ಆ ಓಣಿಯ ತಿರುವಿನಲ್ಲಿ ಮಗುಚಿ ಎತ್ತಿನ ಕಾಲು ಮುರಿದಿತ್ತು. ಇನ್ನು ಇಲ್ಲಿ ನಡೆಯುವುದಿಲ್ಲ, ಅಂಗಡಿಯನ್ನು ಕುಡಚಿಗೆ ಒಯ್ಯುತ್ತೇವೆ ಅಂತ ಗಂಡ ಹೆಂಡತಿ ಬಂದು ಹೇಳಿದ್ದರು. ಮಾಳಸಿದ್ದ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕುಡಗೋಲು ತೆಗೆದುಕೊಂಡು ಹೋಗಿ, ಇನ್ನೂ ಕಟಾವಿಗೆ ಬಾರದ ತನ್ನ ಕಬ್ಬನ್ನು ಓಣಿಯ ಉದ್ದಕ್ಕೂ ತಾನೇ ಕಡಿದು ಕೆಡವಿದ. ಈಕೆ ಹೋದರೆ ಊರಿನವರು ಮತ್ತೆ ಮಿರಜಿಗೆ ಅಲೆಯಬೇಕಾಗುತ್ತದೆ ಅಂದಿದ್ದನಂತೆ.

"ಅಂವಾ ರಸ್ತೆ ಬಿಟ್ಟಿದ್ದ ಈಕಿ ಸಲುವಾಗಿ," ಅಂದಳು ತಾರವ್ವ. "ಈಗ ಈಕಿ ಹೆಸರ ತಗದು ಅವನ ಹೆಸರ ಹಾಕಿದ್ರ, ಅಂವಾ ಒಪ್ಪತಿದ್ದಿಲ್ಲ. ನಾನೂ ಒಪ್ಪೂದಿಲ್ಲ."

ಧರೆಪ್ಪ ತಾಯಿಯನ್ನು ನೋಡಿ ತಲೆ ತಗ್ಗಿಸಿದ. ಆಗ ಎದ್ದವಳು ಮರಗದಂ. ಊರಿನಲ್ಲಿ ಇಪ್ಪತ್ತೆಂಟು ವರ್ಷವಾದರೂ ಸಭೆಯಲ್ಲಿ ಆಕೆ ಮಾತಾಡಿದ್ದು ಅದೇ ಮೊದಲು.

"ನನ್ನ ಹೆಸರ ಬರೀರಿ, ಬ್ಯಾಡ ಅನ್ನೂದಿಲ್ಲ," ಅಂದಳು. "ಆದ್ರ ಅದರ ಕೆಳಗ ಮಾಳಸಿದ್ದಣ್ಣ ಜಾಗಾ ಕೊಟ್ಟಾರ ಅಂತ ಬರೀಬೇಕು. ಅದು ಇಲ್ದಿದ್ರ ನನ್ನ ಹೆಸರೂ ಬ್ಯಾಡ. ಎರಡೂ ಬರದ್ರಷ್ಟ ಅದು ಖರೆ ಆಗತೈತಿ."

ಪಿಡಿಓ ಕೈ ಎತ್ತಲು ಹೇಳಿದರು. ಹತ್ತಿರ ಹತ್ತಿರ ಎಲ್ಲ ಕೈಗಳೂ ಎದ್ದವು. ಧರೆಪ್ಪ ಎತ್ತಲಿಲ್ಲ, ವಿರೋಧ ಅಂತಲೂ ಹೇಳಲಿಲ್ಲ. ಸಭೆ ಮುಗಿದ ಮೇಲೆ ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ. ಅವನು ಇಂದಿಗೂ ಮರಗದಂ ಜೊತೆ ಹೆಚ್ಚು ಮಾತಾಡುವುದಿಲ್ಲ. ಮೋಟರ್ ಕೆಟ್ಟರೆ ಮಾತ್ರ ಬೇರೆ ಕಡೆ ಹೋಗುವುದಿಲ್ಲ.

ಫಲಕಕ್ಕೆ ದೊಡ್ಡವರೊಬ್ಬರನ್ನು ಕರೆಸೋಣ, ಅವರ ತಾರೀಖು ಸಿಗುವವರೆಗೆ ಕಾಯೋಣ ಅಂತ ಕೆಲವರು ಅಂದರು. ರಾಜಮತಿ ಕಾಯಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ, ರಾಯಬಾಗದ ಪೇಂಟರ್ ಬರೆದ ಫಲಕವನ್ನು ಓಣಿಯ ಬಾಯಲ್ಲಿ ನಿಲ್ಲಿಸಿದರು. 'ಶ್ರೀಮತಿ ಮರಗದಂ ಪಳನಿಸಾಮಿ ಓಣಿ', ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾಗ ಕೊಟ್ಟವರು: ದಿವಂಗತ ಮಾಳಸಿದ್ದ'. ತಿರುಪ್ಪೂರಿನಿಂದ ಮಗಳು ಬಂದಿದ್ದಳು, ಆಕೆ ತನ್ನ ಅವ್ವನ ಹೆಸರನ್ನು ಕನ್ನಡದಲ್ಲಿ ಓದಲು ಬಾರದೆ ಅಕ್ಷರಗಳ ಮೇಲೆ ಕೈಯಾಡಿಸಿದಳು. ಪರದೆ ಸರಿಸಿದವಳು ತಾರವ್ವ. ಪೇಢೆ ಹಂಚಿದವನು ನೇಮಿನಾಥ. ಗಟಾರದ ಕೆಲಸ ಮಾತ್ರ ಇನ್ನೂ ಅರ್ಧಕ್ಕೆ ನಿಂತಿದೆ, ರಾಜಮತಿ ಅದರ ಬೆನ್ನು ಬಿಟ್ಟಿಲ್ಲ.

ಆಮೇಲಿನ ಮಾತು ಇಷ್ಟು. ಈಗ ಹೊಲಗಳಿಗೆ ಸೋಲಾರ್ ಪಂಪುಗಳು ಬರತೊಡಗಿವೆ. ಅವುಗಳ ಜೊತೆ ಒಂದು ಪೆಟ್ಟಿಗೆ ಇರುತ್ತದೆ, ಒಳಗೆಲ್ಲ ಸಣ್ಣ ಸಣ್ಣ ಭಾಗಗಳ ಎಲೆಕ್ಟ್ರಾನಿಕ್ ಹಲಗೆ. ಒಬ್ಬ ರೈತ ಅಂಥದ್ದನ್ನು ತಂದಾಗ ಮರಗದಂ ಎರಡು ದಿನ ಇಟ್ಟುಕೊಂಡು, ನನಗೆ ಇದು ತಿಳಿಯದು ಅಂತ ತಿರುಗಿಸಿ ಕೊಟ್ಟಳು. ಅದು ಆಕೆಯನ್ನು ಸುಮ್ಮನೆ ಕೂಡಗೊಡಲಿಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬೆಳಗಾವಿಗೆ ಹೋಗಿ, ಇಪ್ಪತ್ತರ ಹುಡುಗರ ಜೊತೆ ಒಂದು ತಿಂಗಳ ತರಬೇತಿಗೆ ಕೂತಳು. ಮೊದಲ ಪರೀಕ್ಷೆಯಲ್ಲಿ ನಪಾಸಾದಳು. ಮತ್ತೆ ಹೆಸರು ಹಚ್ಚಿ, ಎರಡನೆಯ ಸಲ ಪಾಸಾಗಿ ಬಂದಳು.

ಈಗ ಗುರುವಾರಕ್ಕೊಮ್ಮೆ ಮುಗಳಖೋಡದಲ್ಲಿ ಒಂದು ಖೋಲಿ ಹಿಡಿದು ಅಲ್ಲಿನ ಹೆಂಗಸರಿಗೆ ಆ ಸೋಲಾರ್ ಪೆಟ್ಟಿಗೆಗಳ ರಿಪೇರಿ ಕಲಿಸುತ್ತಾಳೆ. ಮೊದಲ ವಾರ ಮೂವರು ಬಂದಿದ್ದರು. ಎರಡನೆಯ ವಾರ ಒಬ್ಬಳೇ ಬಂದಳು. ಒಬ್ಬಳಿಗೇ ಇಡೀ ದಿನ ಕಲಿಸಿ ಸಂಜೆಯ ಬಸ್ಸಿಗೆ ಮರಳಿದಳು. ಹೋದ ಗುರುವಾರ ಏಳು ಮಂದಿ ಇದ್ದರಂತೆ.